ಆಣೆ ಬಿಡಿಸಿ ನೋಟ್‌ಬುಕ್ ಹಿಡಿಸಿದೆ: ನನ್ನ ಅನುಭವ

ಗಂಡ ಹೆಂಡತಿ ನಡುವಿನ ಸಂಶಯಕ್ಕೆ ನಮ್ಮ ಕೋಲಾರದ ಕಡೆ ಮೊದಲಿಂದಲೂ ಎರಡೇ ಮದ್ದು: ಹಿರಿಯರ ಪಂಚಾಯಿತಿ, ಇಲ್ಲವೇ ಕರ್ಪೂರ ಹಚ್ಚಿ ಆಣೆ. ಆಣೆಯಾದ ವಾರಕ್ಕೆ ಅದೇ ಪ್ರಶ್ನೆ ಮತ್ತೆ ಏಳುತ್ತೆ. ಕೇಳಿದಾಗಲೆಲ್ಲ ಸಮಾಧಾನ ಸಿಕ್ಕರೆ ಮನಸ್ಸು ಕೇಳೋದನ್ನೇ ರೂಢಿ ಮಾಡಿಕೊಳ್ಳುತ್ತೆ. ಅದಕ್ಕೇ ನಾನು ಸಂಶಯ ನಿಜವೋ ಸುಳ್ಳೋ ಅನ್ನೋ ತೀರ್ಪಿಗೆ ಹೋಗಲ್ಲ, ಸಂಶಯ ಬಂದಾಗಲೆಲ್ಲ ನೋಟ್‌ಬುಕ್ಕಲ್ಲಿ ಬರೆಸಿ, ಫೋನ್ ಮಾಡಿ ವಿಚಾರಿಸೋ ಪತ್ತೇದಾರಿಕೆ ಕಡಿಮೆ ಮಾಡಿಸ್ತೀನಿ. 'ನೋಟ್‌ಬುಕ್ಕಿಂದ ಸಂಸಾರ ಸರಿಹೋಗುತ್ತಾ' ಅಂದ ಆಪ್ತಸಮಾಲೋಚಕರೇ ಈಗ ಜೋಡಿಗಳನ್ನ ನನ್ನ ಹತ್ತಿರ ಕಳಿಸ್ತಾರೆ.

ಮೊದಲ ಭೇಟಿ ಇಬ್ಬರಿಗೂ ಬೇರೆ ಬೇರೆ. ಹೊಡೆತ, ಬೆದರಿಕೆ ಇದ್ದರೆ ಈ ವಿಧಾನ ಬೇಡವೇ ಬೇಡ; ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಸಿ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯನ್ನ ಕಾಣಿಸಿ. ಕುಡಿತವೂ ಇದೆ, ಬಟ್ಟೆ ಮೂಸಿ ನೋಡ್ತಾನೆ, 'ಮಗು ನನ್ನದಲ್ಲ' ಅಂತ ಯಾರು ಏನು ಹೇಳಿದರೂ ಕದಲಲ್ಲ ಅಂದರೆ ಅದು ಮನೋವೈದ್ಯರ ಕೆಲಸ. ಜಿಲ್ಲಾಸ್ಪತ್ರೆ ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಅಂಥವರ ಕೈಗೆ ನೋಟ್‌ಬುಕ್ ಕೊಟ್ಟರೆ ಸಾಕ್ಷಿಪಟ್ಟಿ ತಯಾರಾಗುತ್ತೆ ಅಷ್ಟೆ. ಬೇರೆ ಸಂಬಂಧ ಇರೋದು ಖಚಿತವಾದ ಮನೆಯ ದಾರಿಯೂ ಬೇರೆ.

ಉಳಿದ ಜೋಡಿಗಳಲ್ಲಿ ಸಂಶಯ ಪಡೋರಿಗೆ ನಲವತ್ತು ರೂಪಾಯಿ ನೋಟ್‌ಬುಕ್, ಐದು ಕಾಲಂ: ಗಂಟೆ, ಕಣ್ಣಿಗೆ ಕಂಡದ್ದು, ಮನಸ್ಸು ಹೇಳಿದ್ದು, ಮನಸ್ಸಿನ ಉರಿ ನೂರಕ್ಕೆ ಎಷ್ಟು, ಏನು ಮಾಡಿದೆ. ನರಸಾಪುರದ ಫ್ಯಾಕ್ಟರಿ ಶಿಫ್ಟಿನ ಮನೆಗಳಲ್ಲಿ ಸಾಲು ಹೀಗಿರುತ್ತೆ: 'ರಾತ್ರಿ 10.40. ವಾಟ್ಸಾಪಲ್ಲಿ ಆನ್‌ಲೈನ್ ಇದ್ದಳು. ಯಾರ ಜೊತೆಯೋ ಮಾತು. 80. ಫೋನ್ ಮಾಡಿದೆ.' ಕಂಡದ್ದು ಒಂದು ಸಾಲು, ಮನಸ್ಸು ಹೇಳಿದ್ದು ಇನ್ನೊಂದು ಅಂತ ಬಿಡಿಸಿ ಬರೆಯೋದಕ್ಕೇ ಮೊದಲ ವಾರ ಹೋಗುತ್ತೆ. ಅವಸರ ಮಾಡಬೇಡಿ.

ಎರಡನೇ ವಾರದಿಂದ ಕಾಯಿಸೋದು. ಫೋನ್ ಮಾಡಬೇಡ ಅನ್ನಬಾರದು. ಹತ್ತು ನಿಮಿಷ ಬಿಟ್ಟು ಮಾಡು ಅನ್ನಬೇಕು. ಕಾದ ಮೇಲೆ ಉರಿಯ ಅಂಕಿ ಮತ್ತೊಮ್ಮೆ ಬರೆಸಿ. ಫೋನ್ ಮಾಡದೆಯೇ 80 ಇದ್ದದ್ದು 50ಕ್ಕೆ ಇಳಿದದ್ದನ್ನ ತನ್ನ ಕೈಬರಹದಲ್ಲೇ ನೋಡ್ತಾರಲ್ಲ, ಔಷಧಿ ಅದೇ. ಆಮೇಲೆ ಇಪ್ಪತ್ತು, ನಲವತ್ತು ನಿಮಿಷ, ಕೊನೆಗೆ ದಿನದ ಮಾತಿನ ಹೊತ್ತಿನವರೆಗೆ. ಆ ಮಾತು ಇಪ್ಪತ್ತೇ ನಿಮಿಷ, ಊಟ ಆದ ಮೇಲೆ, ಫೋನ್ ಆ ಕಡೆ ಇಟ್ಟು. ಒಂದು ಪ್ರಶ್ನೆಗೆ ಒಂದೇ ಸಲ ಉತ್ತರ. ಮತ್ತೆ ಅದನ್ನೇ ಕೇಳಿದರೆ 'ಬರ್ಕೊಳ್ರೀ, ನಾಳೆ ಮಾತಾಡೋಣ' ಅಂತ ಮೆತ್ತಗೆ ಹೇಳೋದು. ಮಾತು ಶುರುವಾಗೋ ಮುಂಚೆ ನಾನು ಕೇಳಿಸೋ ಒಂದು ಪ್ರಶ್ನೆ ಇದೆ, ಅದು ನನ್ನ ಹತ್ತಿರವೇ ಇರಲಿ.

ಕೆಡೋದು ಎಲ್ಲಿ? ಕಾಯಿಸಲು ಶುರುಮಾಡಿದ ಮೊದಲ ದಿನಗಳಲ್ಲಿ ಉರಿ ಜಾಸ್ತಿಯಾಗುತ್ತೆ. ಮುಂಚೆಯೇ ಹೇಳಿರದಿದ್ದರೆ ಅಲ್ಲೇ ಬಿಟ್ಟು ಹೋಗ್ತಾರೆ. ಅದಕ್ಕಿಂತ ದೊಡ್ಡ ತೊಂದರೆ, ಬೇರೆಯವರ ಕೈಲಿ ವಿಚಾರಿಸೋದು. ಗಂಡ ಫೋನ್ ಮಾಡಲ್ಲ, ಅವನ ತಾಯಿ 'ಎಲ್ಲಿದೀಯಮ್ಮ, ಬಸ್ ಬಂತಾ' ಅಂತ ಮಾಡ್ತಾರೆ. 'ಅಮ್ಮ ಯಾರ ಜೊತೆ ಮಾತಾಡ್ತಿದ್ರು' ಅಂತ ಮಗುವನ್ನ ಕೇಳ್ತಾರೆ. ಇದೂ ಪತ್ತೇದಾರಿಕೆಯೇ, ನೋಟ್‌ಬುಕ್ಕಿಗೆ ಬರಲೇಬೇಕು. ಕೂಡುಕುಟುಂಬವಾದರೆ ಅತ್ತೆಯನ್ನೂ ಒಂದು ಸಲ ಕರೆಸಿ ಕೂರಿಸ್ತೀನಿ.

ಲೈವ್ ಲೊಕೇಶನ್ ಕೊಟ್ಟುಬಿಟ್ಟರೆ ನೆಮ್ಮದಿ ಬರಬಹುದೇನೋ ಅಂತ ಕೆಲವು ಜೋಡಿಗಳಲ್ಲಿ ಪ್ರಯೋಗವೂ ಆಯಿತು. ನೆಟ್‌ವರ್ಕ್ ಇಲ್ಲದ ಕಡೆ ಚುಕ್ಕಿ ನಿಂತರೆ ಸಾಕು, ಹತ್ತು ಕರೆ. ಪಾಸ್‌ವರ್ಡ್ ಕೊಟ್ಟವರ ಕಥೆಯೂ ಅದೇ: ಡಿಲೀಟ್ ಆದ ಮೆಸೇಜಿನ ಮೇಲೆ ಹೊಸ ಜಗಳ.

ದುಡ್ಡಿನ ಮಾತು. ಫ್ಯಾಕ್ಟರಿ ಗೇಟ್ ಹತ್ತಿರ ಕಾಯೋಕೆ ಒಂದು ದಿನ ರಜೆ ಹಾಕಿದರೆ ಕೂಲಿ, ಪೆಟ್ರೋಲ್ ಸೇರಿ ಏಳೆಂಟು ನೂರು ಹೋಗುತ್ತೆ. ಯಂತ್ರ, ತಾಯಿತಕ್ಕೆ ಸಾವಿರಗಟ್ಟಲೆ ಕೊಟ್ಟವರಿದ್ದಾರೆ. ನನ್ನದು ಒಂದು ಸಲಕ್ಕೆ ಮುನ್ನೂರು, ನಾಲ್ಕು ಸಲದ್ದು ಮುಂಗಡ. ಮುಂಗಡ ಕೊಟ್ಟವರು ಆ ಕಷ್ಟದ ಎರಡನೇ ವಾರ ದಾಟ್ತಾರೆ. ಹತ್ತು ಜೋಡಿಯಲ್ಲಿ ಆರೇಳು ಜೋಡಿಗೆ ಎರಡು ತಿಂಗಳೊಳಗೆ ಕರೆಗಳು ಅರ್ಧಕ್ಕಿಂತ ಕೆಳಗೆ ಬರುತ್ತವೆ.

ಶಿಫ್ಟ್ ಬದಲಾದಾಗ, ಹೊಸ ಸೂಪರ್‌ವೈಸರ್ ಬಂದಾಗ ಸಂಶಯ ಮತ್ತೆ ತಲೆ ಎತ್ತುತ್ತೆ. ಆಗ ಹೊಸ ಪಾಠ ಬೇಕಿಲ್ಲ, ಹಳೇ ನೋಟ್‌ಬುಕ್ಕಲ್ಲೇ ಎರಡು ವಾರ ಬರೆಸಿ, ಹತ್ತು ನಿಮಿಷದಿಂದ ಶುರುಮಾಡಿಸಿ.