ಬಾರ್ಬಡೋಸ್‌ನ ಓಯ್ಸ್ಟಿನ್ಸ್‌ಗೆ ಏಜೆಂಟ್ ಇಲ್ದೆ, ಕಮ್ಮಿ ಖರ್ಚಲ್ಲಿ ಹೋಗೋದ್ ಹೆಂಗೆ

ಕೆರಿಬಿಯನ್ ಅಂದ್ರೆ ದುಡ್ಡಿರೋರ್ ಜಾಗ, ರೆಸಾರ್ಟು, ಕ್ರೂಸು ಅಂತ ನಮ್ ಮೈಸೂರು ಮಂಡ್ಯ ಕಡೆಯೋರು ಸುಮ್ನಾಗ್ಬಿಡ್ತೀವಿ. ಫ್ಲೈಟ್ ಟಿಕೆಟ್ ದುಬಾರಿನೇ, ಅದ್ರಲ್ಲಿ ಎರಡ್ ಮಾತಿಲ್ಲ. ಆದ್ರೆ ಇಳಿದ್ಮೇಲೆ ದಿನಕ್ಕೆ ಎಷ್ಟ್ ಕೈ ಬಿಡುತ್ತೆ ಅನ್ನೋದು ನೀವು ಯಾವ ಊರಲ್ಲಿ ಉಳ್ಕೊತೀರ ಅನ್ನೋದ್ರ ಮೇಲಿದೆ. ಬಾರ್ಬಡೋಸ್‌ನ ಪಶ್ಚಿಮದಲ್ಲಿ ಹೋಲ್‌ಟೌನ್ ಸುತ್ತಮುತ್ತ ರೂಮ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ, ಅದೇ ದಕ್ಷಿಣದಲ್ಲಿ ಓಯ್ಸ್ಟಿನ್ಸ್ ಅಂತ ಮೀನುಗಾರರ ಊರಿದೆ, ಮೀನ್ ಮಾರ್ಕೆಟ್ಟು, ಸೂಪರ್‌ಮಾರ್ಕೆಟ್ಟು, ಬಸ್ ಸ್ಟಾಪು, ಬೀಚು ಎಲ್ಲ ನಡ್ಕೊಂಡ್ ಹೋಗೋ ದೂರ, ಏರ್‌ಪೋರ್ಟೂ ಹತ್ರ. ಅಲ್ಲೇ ಅಡಿಗೆಮನೆ ಇರೋ ಗೆಸ್ಟ್‌ಹೌಸೋ ಸಣ್ಣ ಅಪಾರ್ಟ್‌ಮೆಂಟೋ ನೋಡಿ.

ಪಾಸ್‌ಪೋರ್ಟ್ ಇನ್ನೂ ಇಲ್ಲ ಅನ್ನೋರು ಅದಕ್ಕೋಸ್ಕರ ಬೆಂಗ್ಳೂರಿಗೆ ಓಡ್ಬೇಕಿಲ್ಲ, ಮೈಸೂರಲ್ಲೇ ಪೋಸ್ಟ್ ಆಫೀಸ್ ಪಾಸ್‌ಪೋರ್ಟ್ ಸೇವಾ ಕೇಂದ್ರ 2017ರಲ್ಲೇ ಶುರುವಾಯ್ತು.

ಈಗ ವೀಸಾ. ನಮ್ ಪಾಸ್‌ಪೋರ್ಟಿಗೆ ಬಾರ್ಬಡೋಸ್ ಟೂರಿಸ್ಟ್ ವೀಸಾ ಕೇಳಲ್ಲ, ಅಷ್ಟ್ ಕೇಳಿದ್ ತಕ್ಷಣ ಖುಷಿಯಾಗಿ ಸಿಕ್ಕಿದ್ ಟಿಕೆಟ್ ಬುಕ್ ಮಾಡ್ಬಿಡ್ಬೇಡಿ, ಯಾಕಂದ್ರೆ ತಗ್ಲಾಕೊಳೋದು ಮಧ್ಯದ ಏರ್‌ಪೋರ್ಟಲ್ಲಿ. ಅಮೆರಿಕ ಮೇಲೆ ಹೋದ್ರೆ ಬರೀ ಫ್ಲೈಟ್ ಬದಲಾಯ್ಸೋಕೂ ಇಮಿಗ್ರೇಷನ್ ದಾಟ್ಬೇಕು, ಅಂದ್ರೆ ಅವ್ರ ಟ್ರಾನ್ಸಿಟ್ ವೀಸಾನೋ ವಿಸಿಟರ್ ವೀಸಾನೋ ಇರ್ಲೇಬೇಕು. ಬೆಂಗ್ಳೂರಿಂದ ಲಂಡನ್ ಹೀಥ್ರೂ, ಅಲ್ಲಿಂದ ಬಾರ್ಬಡೋಸ್ ನೇರ ಫ್ಲೈಟ್ ಸಿಗುತ್ತೆ, ಸುಲಭದ ದಾರಿ ಅದೇ, ಆದ್ರೆ ಅಲ್ಲೂ ಏರ್‌ಪೋರ್ಟ್ ಆಚೆ ಬರದಿದ್ರೂ ನಮಗೆ ಟ್ರಾನ್ಸಿಟ್ ವೀಸಾ ಬೇಕು. ಚಾಲ್ತಿಲಿರೋ ಅಮೆರಿಕ ಅಥ್ವಾ ಕೆನಡಾ ವೀಸಾ ಇರೋರಿಗೆ ಸಾಮಾನ್ಯವಾಗಿ ಇದ್ರಿಂದ ವಿನಾಯ್ತಿ. ಅಗ್ಗ ಅಂತ ಹೀಥ್ರೂಲಿ ಇಳ್ದು ಲಂಡನ್ನಿನ ಇನ್ನೊಂದ್ ಏರ್‌ಪೋರ್ಟ್ ಗ್ಯಾಟ್ವಿಕ್ಕಲ್ಲಿ ಹತ್ತೋ ಥರ ಎರಡ್ ಬೇರೆ ಬೇರೆ ಟಿಕೆಟ್ ತಗೋಬೇಡಿ, ಆಗ ದೇಶದೊಳಗೇ ಕಾಲಿಡ್ಬೇಕಾಗುತ್ತೆ, ವೀಸಾ ಕಥೆನೇ ಬೇರೆ. ಬಾರ್ಬಡೋಸ್ ಇಮಿಗ್ರೇಷನ್‌ಗೆ ವಾಪಸ್ ಟಿಕೆಟ್ಟು, ಉಳ್ಕೊಳೋ ವಿಳಾಸ ಪ್ರಿಂಟ್ ಹಾಕಿ ಇಟ್ಕೊಳ್ಳಿ, ಎಂಟ್ರಿ ಫಾರ್ಮ್ ಹೊರಡೋ ಮುಂಚೆ ಆನ್‌ಲೈನಲ್ಲೇ ತುಂಬಿ.

ಡಿಸೆಂಬರ್ ಮಧ್ಯದಿಂದ ಏಪ್ರಿಲ್ ವರೆಗೆ ಸೀಸನ್, ರೇಟ್ ಜಾಸ್ತಿ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಅದ್ರಲ್ಲೂ ಆಗಸ್ಟಿಂದ ಅಕ್ಟೋಬರ್ ಜೋರು. ನನ್ ಕೇಳಿದ್ರೆ ಏಪ್ರಿಲ್ ಕೊನೆ ಇಲ್ಲಾ ಮೇ, ರೂಮೂ ಇಳಿದಿರುತ್ತೆ, ಮಳೆನೂ ಹಿಡಿದಿರಲ್ಲ.

ದುಡ್ಡಿನ ಲೆಕ್ಕ ಸುಲಭ, 1 ಅಮೆರಿಕನ್ ಡಾಲರ್‌ಗೆ 2 ಬಾರ್ಬಡೋಸ್ ಡಾಲರ್, ಫಿಕ್ಸು. ಆದ್ರೆ ಎರಡಕ್ಕೂ ಡಾಲರ್ ಅಂತಲೇ ಅಂತಾರೆ, ಹಂಗಾಗಿ ಟ್ಯಾಕ್ಸಿಯೋರತ್ರ ರೇಟ್ ಕೇಳ್ದಾಗ ಯಾವ ಡಾಲರ್ ಸ್ವಾಮಿ ಅಂತ ಹತ್ತೋ ಮುಂಚೆನೇ ಕೇಳ್ಬಿಡಿ, ಮೀಟರ್ ಇರಲ್ಲ.

ಟ್ಯಾಕ್ಸಿ ಮೊದಲ್ನೇ ದಿನ ಲಗೇಜ್ ಇದ್ದಾಗ ಸಾಕು, ಆಮೇಲೆ ಬಸ್ಸೇ. ದೂರ ಎಷ್ಟಿದ್ರೂ ಒಂದೇ ಚಾರ್ಜು, ಮೂರೂವರೆ ಬಾರ್ಬಡೋಸ್ ಡಾಲರ್, ನಮ್ ದುಡ್ಡಲ್ಲಿ ನೂರೈವತ್ತರ ಆಸುಪಾಸು. ಸರ್ಕಾರಿ ಬಸ್ಸು ನೀಲಿ, ಅದ್ರಲ್ಲಿ ಚಿಲ್ರೆ ವಾಪಸ್ ಕೊಡಲ್ಲ, ಸರಿಯಾಗಿ ಎಣ್ಸಿ ಹಾಕಿ. ಪ್ರೈವೇಟ್ ಹಳದಿ ಬಸ್ಸು ಮತ್ತೆ ಬಿಳಿ ವ್ಯಾನ್‌ಗಳಿವೆ, ಆ ವ್ಯಾನ್‌ಗೆ ಝಡ್‌ಆರ್ ಅಂತಾರೆ, ಜೋರಾಗ್ ಮ್ಯೂಸಿಕ್ಕು, ತುಂಬಿದ್ಮೇಲೂ ತುಂಬ್ತಾರೆ, ನಮ್ ಕಡೆ ಟೆಂಪೋಲಿ ಓಡಾಡ್ದೋರಿಗೆ ಏನೂ ಅನ್ಸಲ್ಲ. ಸ್ಟಾಪ್ ಬೋರ್ಡಲ್ಲಿ ಸಿಟಿ ಕಡೆಗಾ, ಸಿಟಿಯಿಂದ ಆಚೆಗಾ ಅಂತ ಬರ್ದಿರುತ್ತೆ, ಸಿಟಿ ಅಂದ್ರೆ ಬ್ರಿಜ್‌ಟೌನ್. ಹತ್ತುವಾಗ ಒಂದ್ ಗುಡ್ ಮಾರ್ನಿಂಗ್ ಹೇಳಿ, ಅಲ್ಲಿ ಅದು ಮರ್ಯಾದೆ. ಬೀಚ್ ಬಟ್ಟೇಲೇ ಬಸ್ಸಿಗೆ ಅಂಗಡಿಗೆ ಹೋಗ್ಬೇಡಿ, ಇನ್ನು ಮಿಲಿಟರಿ ಪ್ರಿಂಟ್ ಇರೋ ಪ್ಯಾಂಟು ಟೋಪಿ ಮನೇಲೇ ಬಿಟ್ಹೋಗಿ, ಅಲ್ಲಿ ಅದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಹಾಕಂಗಿಲ್ಲ.

ಊಟ ಅಂದ್ರೆ ಶುಕ್ರವಾರ ರಾತ್ರಿ ಓಯ್ಸ್ಟಿನ್ಸ್ ಫಿಶ್ ಫ್ರೈ, ಮೀನು ಸುಟ್ಟು ಹುರಿದು ಕೊಡೋ ಅಂಗಡಿಗಳ ಸಾಲು, ಹಾಡು ಕುಣಿತ, ಟೂರಿಸ್ಟ್‌ಗಳ ಜಾತ್ರೆ. ಒಂದ್ಸಲ ಹೋಗಿ, ಮಿಕ್ಕಿದ್ ದಿನ ಮಾರ್ಕೆಟಲ್ಲಿ ಮೀನ್ ಇಸ್ಕೊಂಡು ರೂಮಲ್ಲೇ ಸಾರ್ ಮಾಡ್ಕೊಳ್ಳಿ, ದುಡ್ಡು ಉಳಿಯೋದೇ ಇಲ್ಲಿ. ಅವ್ರ ರಾಷ್ಟ್ರೀಯ ಊಟ ಕೂಕೂ ಮತ್ತೆ ಹಾರೋ ಮೀನು. ಕೂಕೂ ಅಂದ್ರೆ ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ಮರದ ಕೋಲಲ್ಲಿ ತಿರುವಿ ತಿರುವಿ ಮಾಡೋದು, ನಮ್ ಮುದ್ದೆ ಅಣ್ಣತಮ್ಮನೇ, ಮೇಲೆ ಸಾರ್ ಹುಯ್ಕೊಂಡ್ ತಿಂತಾರೆ. ಸಸ್ಯಾಹಾರಿಗಳಿಗೆ ಕಡ್ಲೆ-ಆಲೂಗಡ್ಡೆ ಇಟ್ಟಿರೋ ರೋಟಿ, ಮ್ಯಾಕರೋನಿ ಪೈ ಇದೆ, ಅನ್ನ-ಕಾಳಿನ ಪಲ್ಯ ಥರ ಇರೋದ್ರಲ್ಲಿ ಮಾಂಸದ ತುಂಡು ಹಾಕಿರ್ತಾರಾ ಅಂತ ಕೇಳಿ ತಿನ್ನಿ. ನಲ್ಲಿ ನೀರು ಕುಡೀಬಹುದು, ಬಾಟ್ಲಿಗೆ ದುಡ್ಡ್ ಹಾಕ್ಬೇಡಿ. ಕರೆಂಟು ಅಲ್ಲಿ 115 ವೋಲ್ಟು, ಪ್ಲಗ್ ಚಪ್ಪಟೆ ಪಿನ್ನು, ಇಲ್ಲಿಂದ ಹೊತ್ಕೊಂಡ್ ಹೋದ ಕೆಟಲ್ ಸರಿಯಾಗಿ ಕಾಯಲ್ಲ.

ಬೀಚ್‌ಗಳೆಲ್ಲ ಸಾರ್ವಜನಿಕ, ದೊಡ್ಡ ಹೋಟ್ಲು ಮುಂದಿಂದೂ ಫ್ರೀನೇ, ದುಡ್ಡು ಕುರ್ಚಿಗೆ ಛತ್ರಿಗೆ ಮಾತ್ರ. ಬ್ರಿಜ್‌ಟೌನ್‌ನ ಕಾರ್ಲೈಲ್ ಬೇ ಅನ್ನೋ ಕೊಲ್ಲೀಲಿ ನೀರು ಶಾಂತ, ಒಂದ್ ಮಾಸ್ಕ್ ಇದ್ರೆ ಆಮೆ ನೋಡ್ಬೋದು. ಪೂರ್ವದ ಬಾತ್‌ಶೀಬಾ ಫೋಟೋಗೆ ಚೆಂದ, ಆದ್ರೆ ಅದು ಅಟ್ಲಾಂಟಿಕ್ ಸೆಳೆತ, ವಿಸಿ ನಾಲೇಲಿ ಈಜ್ ಕಲ್ತಿದೀನಿ ಅಂತ ಇಳೀಬೇಡಿ. ಇನ್ನೊಂದು, ದಡದಲ್ಲಿ ಕೆಂಪು ಪಟ್ಟಿ ಬಳ್ದಿರೋ ಮರ ಕಂಡ್ರೆ ಮ್ಯಾಂಚನೀಲ್ ಅಂತ, ಹಣ್ಣು ವಿಷ, ಮಳೇಲಿ ಅದ್ರ ಕೆಳಗೆ ನಿಂತ್ರೂ ಮೈ ಬೊಬ್ಬೆ ಬರುತ್ತೆ.

ಬ್ರಿಜ್‌ಟೌನ್‌ಗೆ ಹೋದಾಗ ಕೆನ್ಸಿಂಗ್ಟನ್ ಓವಲ್ ಬಿಡಂಗಿಲ್ಲ, 2024ರ ಜೂನ್ 29ಕ್ಕೆ ದ್ರಾವಿಡ್ ಕೋಚ್ ಆಗಿದ್ದ ನಮ್ ಟೀಮು ದಕ್ಷಿಣ ಆಫ್ರಿಕಾನ 7 ರನ್ನಿಂದ ಸೋಲ್ಸಿ ಟಿ20 ಕಪ್ ಗೆದ್ದಿದ್ ಅಲ್ಲೇ. ಕ್ರಿಕೆಟ್ ಮಾತೆತ್ತಿದ್ರೆ ರಮ್ ಶಾಪಲ್ಲಿ ಕೂತಿರೋ ಅಜ್ಜಂದ್ರು ಬಿಡಲ್ಲ ನಿಮ್ಮನ್ನ. ಮಂಡ್ಯದೋರಾದ್ರೆ ಕಬ್ಬಿನ ಮಾತೂ ಆಡ್ಬೋದು, ಆ ದ್ವೀಪ ಬೆಳೆದಿದ್ದೇ ಕಬ್ಬಿಂದ.

ವಾಪಸ್ ಬರೋವಾಗ ಮಿಕ್ಕಿರೋ ಬಾರ್ಬಡೋಸ್ ನೋಟು ಇಲ್ಲಿ ಬದಲಾಯ್ಸೋದು ಕಷ್ಟ, ಅಲ್ಲೇ ಸೂಪರ್‌ಮಾರ್ಕೆಟಲ್ಲಿ ಸಾಸಿವೆ ಹಾಕಿರೋ ಹಳದಿ ಪೆಪ್ಪರ್ ಸಾಸ್ ತಗೊಂಡ್ ಖಾಲಿ ಮಾಡಿ, ಖಾರ ಜೋರಿದೆ, ಬಾಟ್ಲನ್ನ ಚೆಕ್‌ಇನ್ ಬ್ಯಾಗಲ್ಲೇ ಹಾಕಿ.