ಕ್ರೀಮ್ ಸ್ಟೌಟ್ ಕೊರೆಯುವಷ್ಟು ತಣ್ಣಗೆ ಕುಡಿಯಬೇಡಿ

ಕ್ರೀಮ್ ಸ್ಟೌಟ್, ಅಂದರೆ ಮೆಲು ಸಿಹಿಯ ಕಪ್ಪು ಬಿಯರ್, ಮೊದಲ ಸಲ ಕುಡಿಯುವವರಿಗೆ ಒಂದು ಮಾತು. ಫ್ರಿಜ್‌ನಿಂದ ತೆಗೆದ ತಕ್ಷಣ ಬಾಯಿಗಿಡಬೇಡಿ. ಸ್ವಲ್ಪ ಹೊತ್ತು ಹೊರಗಿಡಿ, 10ರಿಂದ 13 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ. ತುಂಬಾ ತಣ್ಣಗಿದ್ದರೆ ಬರೀ ಕಹಿ ಗೊತ್ತಾಗುತ್ತದೆ, ಘಮ ಅಡಗಿಬಿಡುತ್ತದೆ.

ಗ್ಲಾಸ್ ಓರೆ ಹಿಡಿದು ಸುರಿಯಿರಿ, ಕೊನೆಗೆ ನೆಟ್ಟಗೆ ಮಾಡಿ, ಕಂದು ನೊರೆ ಎರಡು ಬೆರಳು ಏರಲಿ. ಈಗ ಮೂಗಿನ ಹತ್ತಿರ ತನ್ನಿ. ಕಾಫಿ ಬೀಜ ಹುರಿಯುತ್ತಿರುವ ಮನೆಯೊಳಗೆ ಕಾಲಿಟ್ಟ ಹಾಗಿರುತ್ತದೆ, ಅಲ್ವಾ? ಆ ವಾಸನೆ ಕಪ್ಪಗೆ ಹುರಿದ ಬಾರ್ಲಿಯದು. ಹೆಸರಲ್ಲಿ ಕ್ರೀಮ್ ಇದ್ದರೂ ಒಳಗೆ ಕೆನೆ ಇರುವುದಿಲ್ಲ. ಸಾಮಾನ್ಯವಾಗಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಹಾಕುತ್ತಾರೆ, ಬಿಯರ್ ಯೀಸ್ಟ್‌ಗೆ ಅದನ್ನು ತಿನ್ನಲು ಬರುವುದಿಲ್ಲ, ಹಾಗಾಗಿ ಆ ಮೆಲು ಸಿಹಿ, ನುಣುಪು ಹಾಗೇ ಉಳಿಯುತ್ತದೆ. ಇಂಗ್ಲೆಂಡಿನ ಕೆಂಟ್‌ನ ಹೈತ್ ಊರಿನಲ್ಲಿ 1907ರಲ್ಲಿ ಮ್ಯಾಕೆಸನ್ ಎಂಬ ಸ್ಟೌಟ್ ಹುಟ್ಟಿದ್ದು ಇದೇ ಉಪಾಯದಿಂದ. ಹಾಲು ಒಗ್ಗದವರು ಮೊದಲೇ ವಿಚಾರಿಸಿ.

ಸಣ್ಣ ಗುಟುಕು ತಗೊಳ್ಳಿ, ನಾಲಿಗೆಯ ಮೇಲೆ ಒಮ್ಮೆ ಹರಡಲು ಬಿಟ್ಟು ನುಂಗಿ. ಮೊದಲು ಸಿಹಿ, ಆಮೇಲೆ ಚಾಕೊಲೇಟ್, ಕೊನೆಗೆ ಹುರಿದ ಕಹಿ. ಜೊತೆಗೆ ಖಾರದ ಮಿಕ್ಸ್ಚರ್ ಬೇಡ, ಉಪ್ಪು ಹಾಕಿ ಹುರಿದ ಕಡ್ಲೆಬೀಜ ಸಾಕು.