ಮನುಷ್ಯ ಎಂಥವನು ಎಂಬ ಪಾಠಕ್ಕೆ ಒಂದು ಒಡೆದ ಹಂಚು ತನ್ನಿ

ದೃಢೀಕರಣಕ್ಕೆ, ಅಂದರೆ ದೀಕ್ಷಾಸ್ನಾನ ಪಡೆದವರು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಗೆ, ಸಿದ್ಧರಾಗುವ ಮಕ್ಕಳಿಗೆ ಪಾಠ ಮಾಡಿ ಎಂದು ಚರ್ಚಿನ ಸಭಾಪಾಲಕರು ನಿಮಗೆ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ, ನಂಬಿಕೆಯ ಸಾರ ಹೇಳುವ ವಿಶ್ವಾಸಪ್ರಮಾಣ ಇವೆಲ್ಲ ಹೇಗೋ ಸಾಗುತ್ತವೆ, ಬಾಯಿಪಾಠದ ಆಸರೆಯಾದರೂ ಇದೆ. ಕೈಕಾಲು ಬಿಡುವುದು ‘ಮನುಷ್ಯ’ ಎಂಬ ಪಾಠ ಬಂದಾಗ. ಮನುಷ್ಯ ಒಳ್ಳೆಯವನೋ ಕೆಟ್ಟವನೋ? ಎರಡಕ್ಕೂ ಹೌದು ಎನ್ನುವ ಧರ್ಮ ನಮ್ಮದು. ಯಾವ ಹೌದನ್ನು ಮೊದಲು ಹೇಳುತ್ತೀರಿ ಎಂಬುದರಲ್ಲಿ ಪಾಠದ ಹಣೆಬರಹವಿದೆ. ಮಂಗಳೂರಿನ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಇಪ್ಪತ್ತೆರಡು ವರ್ಷ ನಾನು ಈ ಪಾಠ ಮಾಡಿದ್ದೇನೆ. ಮೊದಲ ವರ್ಷ ಪೂರಾ ಕೆಡಿಸಿದೆ.

ಆ ವರ್ಷ ನಾನು ಪಾಪದಿಂದ ಆರಂಭಿಸಿದ್ದೆ. ಅಕ್ಷರವೇ ಇಲ್ಲದ, ಬರೀ ಬಣ್ಣದ ಹಾಳೆಗಳ ಪುಟ್ಟ ಪುಸ್ತಕವೊಂದು ಸಂಡೇ ಸ್ಕೂಲುಗಳಲ್ಲಿ ಬಳಕೆಯಲ್ಲಿದೆ. ಕಪ್ಪು ಹಾಳೆ ಪಾಪ, ಕೆಂಪು ಯೇಸುವಿನ ರಕ್ತ, ಬಿಳಿ ಶುದ್ಧ ಹೃದಯ, ಬಂಗಾರದ್ದು ಪರಲೋಕ. ಕಪ್ಪು ಹಾಳೆಯನ್ನು ಎತ್ತಿ ಹಿಡಿದು “ಇದು ನಮ್ಮ ಹೃದಯ” ಎಂದೆ. ಹಿಂದಿನ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ತನ್ನ ಮುಂಗೈ ನೋಡಿಕೊಂಡಳು. ಏನೂ ಕೇಳಲಿಲ್ಲ. ಮುಂದಿನ ಭಾನುವಾರ ಬರಲಿಲ್ಲ. ಅವಳ ತಾಯಿಯಿಂದ ಆಮೇಲೆ ತಿಳಿಯಿತು: “ದೇವರು ನನ್ನನ್ನು ಪಾಪದ ಬಣ್ಣದಲ್ಲೇ ಏಕೆ ಮಾಡಿದ?” ಎಂದು ಮನೆಯಲ್ಲಿ ಕೇಳಿದ್ದಳಂತೆ. ಆ ಪುಸ್ತಕವನ್ನು ನಾನು ಮತ್ತೆ ಮುಟ್ಟಿಲ್ಲ. ನೀವೂ ಮುಟ್ಟಬೇಡಿ.

ಸತ್ಯವೇದ, ಅಂದರೆ ಬೈಬಲ್, ಆರಂಭವಾಗುವುದು ಅದರ ಮೊದಲ ಪುಸ್ತಕವಾದ ಆದಿಕಾಂಡದ ಮೂರನೆಯ ಅಧ್ಯಾಯದಿಂದಲ್ಲ ಎಂಬುದನ್ನು ಆ ಹುಡುಗಿ ನನಗೆ ಕಲಿಸಿದಳು. ಮೊದಲನೆಯ ಅಧ್ಯಾಯದಲ್ಲಿ ದೇವಸ್ವರೂಪ, ಎರಡನೆಯದರಲ್ಲಿ ಮಣ್ಣು ಮತ್ತು ಉಸಿರು, ಮೂರನೆಯದರಲ್ಲಿ ಹಣ್ಣು. ಅದೇ ಕ್ರಮದಲ್ಲಿ ಪಾಠ ಮಾಡಿ. ಮೂರು ಭಾನುವಾರ ಬೇಕು. ಎರಡರಲ್ಲಿ ಮುಗಿಸಿ ಎಂದು ಯಾರಾದರೂ ಅವಸರಪಡಿಸಿದರೆ ಒಪ್ಪಬೇಡಿ.

ಮೊದಲ ಭಾನುವಾರ ಒಂದು ಒಡೆದ ಹಂಚು ತೆಗೆದುಕೊಂಡು ಹೋಗಿ. ಹಿಂಭಾಗದಲ್ಲಿ ಕಾರ್ಖಾನೆಯ ಮುದ್ರೆ ಇರುವ ಹಳೆಯ ಮಂಗಳೂರು ಹಂಚೇ ಆಗಬೇಕು. ನನ್ನ ಹತ್ತಿರ ಇರುವುದು ನಮ್ಮ ಅಜ್ಜನ ಮನೆಯ ಮಾಡು ಬಿಚ್ಚಿದಾಗ ಸಿಕ್ಕ ತುಂಡು. ಮೂಲೆ ಹೋಗಿದೆ, ನಡುವೆ ಬಿರುಕಿದೆ, ಪಾಚಿ ಹತ್ತಿ ಕಪ್ಪಾಗಿದೆ. ಆದರೆ ಬಾಸೆಲ್ ಮಿಶನ್ ಎಂಬ ಅಕ್ಷರಗಳನ್ನೂ 1865 ಎಂಬ ಇಸವಿಯನ್ನೂ ಇಂದಿಗೂ ಬೆರಳಿನಿಂದ ಸವರಿ ಓದಬಹುದು. ಅದು ಸ್ವಿಟ್ಜರ್ಲೆಂಡಿನ ಆ ಮಿಶನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕೆಲಸ ಆರಂಭಿಸಿದ ವರ್ಷ. ಹಂಚನ್ನು ಕೈಯಿಂದ ಕೈಗೆ ದಾಟಿಸಿ, ಏನೂ ಹೇಳಬೇಡಿ. ಯಾರಾದರೊಬ್ಬ ಮಗು ಮುದ್ರೆಯನ್ನು ಓದಿಯೇ ಓದುತ್ತದೆ. ಆಗ “ಇದು ಯಾರ ಹಂಚು?” ಎಂದು ಕೇಳಿ. “ಒಡೆದ ಮೇಲೂ ಅವರದೇ?” ಎಂಬ ಪ್ರಶ್ನೆ ಎರಡನೆಯದು.

ಈಗ ಆದಿಕಾಂಡ 1:27 ಓದಿಸಿ. ಪ್ರಾಚೀನ ಈಜಿಪ್ಟಿನಲ್ಲೂ ಮೆಸೊಪೊಟೇಮಿಯಾದಲ್ಲೂ ದೇವರ ಪ್ರತಿಮೆ ಎಂಬ ಬಿರುದು ಸಲ್ಲುತ್ತಿದ್ದುದು ಅರಸನಿಗೆ. ಆ ಬಿರುದನ್ನು ಸಿಂಹಾಸನದಿಂದ ಇಳಿಸಿ ಗಂಡು ಹೆಣ್ಣು ಎನ್ನದೆ ಪ್ರತಿಯೊಬ್ಬರಿಗೂ ಹಂಚಿದ್ದು ಈ ಒಂದು ವಾಕ್ಯ. ಇದನ್ನು ನಿಧಾನವಾಗಿ ಹೇಳಿ. ತರಗತಿಯಲ್ಲಿ ಯಾರ ತಂದೆ ವೈದ್ಯರು, ಯಾರ ತಾಯಿ ಬೇರೆಯವರ ಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ ಎಂಬುದು ಮಕ್ಕಳಿಗೆಲ್ಲ ಗೊತ್ತಿರುತ್ತದೆ. ನೀವು ಬಿಡಿಸಿ ಹೇಳುವ ಅಗತ್ಯವಿಲ್ಲ.

ಹಾಗೆಯೇ 2:7ಕ್ಕೆ ಬನ್ನಿ. ಹೀಬ್ರೂ ಭಾಷೆಯಲ್ಲಿ ಆದಾಮ ಎಂದರೆ ಮನುಷ್ಯ, ಅದಾಮಾ ಎಂದರೆ ನೆಲದ ಮಣ್ಣು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಆವೆಮಣ್ಣಿನಿಂದ ಹಂಚು ಮಾಡಿದ ಊರಿನ ಮಕ್ಕಳಿಗೆ ಇದು ತಟ್ಟನೆ ಹತ್ತುತ್ತದೆ. ಮುದ್ರೆಯಿದ್ದರೂ ಮಣ್ಣು, ಮಣ್ಣಾದರೂ ಮುದ್ರೆ ಉಂಟು. ಆ ದಿನಕ್ಕೆ ಇಷ್ಟು ಸಾಕು, ಮನೆಗೆ ಕಳುಹಿಸಿ.

ಇಲ್ಲಿ ಒಂದು ಪದದ ಬಗ್ಗೆ ಎಚ್ಚರಿಕೆ ಬೇಕು. ಅದು ‘ಆತ್ಮ’. ಮಕ್ಕಳು ಶಾಲೆಯಲ್ಲಿ, ನೆರೆಮನೆಯಲ್ಲಿ, ಟಿ.ವಿ.ಯಲ್ಲಿ ಈ ಪದವನ್ನು ಕೇಳಿ ಬೆಳೆದವರು. ದೇಹ ಹಳೆಯ ಬಟ್ಟೆ, ಆತ್ಮ ಅದನ್ನು ಕಳಚಿ ಹೊಸದನ್ನು ಉಡುತ್ತದೆ ಎಂಬ ಗೀತೆಯ ಉಪಮೆ ಅವರಿಗೆ ಗೊತ್ತು. ಅದನ್ನು ಹೀಗಳೆಯಬೇಡಿ, ಅದು ಬೇರೊಂದು ದರ್ಶನ. ಆದರೆ ನಮ್ಮದೂ ಅದೇ ಎಂದು ಮಕ್ಕಳು ತಿಳಿದುಕೊಂಡರೆ ಪಾಠ ಹಳಿ ತಪ್ಪುತ್ತದೆ. ನಮ್ಮ ವಿಶ್ವಾಸಪ್ರಮಾಣದ ಕೊನೆಯಲ್ಲಿ ನಾವು ಹೇಳುವುದು ಶರೀರದ ಪುನರುತ್ಥಾನ. ದೇಹ ಬಿಸಾಡುವ ಬಟ್ಟೆಯಲ್ಲ. ಲೂಕ 24:42-43 ಓದಿಸಿ: ಸತ್ತು ಎದ್ದು ಬಂದ ಯೇಸು ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿಂದನು. ಒಂದು ವರ್ಷ ಹುಡುಗನೊಬ್ಬ “ಬಂಗುಡೆಯೇ ಟೀಚರ್?” ಎಂದು ಕೇಳಿದ. ನಾನು ನಕ್ಕರೂ ಅವನಿಗೆ ವಿಷಯ ತಿಳಿದಿತ್ತು. ಹಸಿವೆಯಾಗುವ, ಬೆವರುವ, ಮೀನು ರುಚಿಸುವ ಈ ಮೈಯೂ ದೇವರ ಲೆಕ್ಕದಲ್ಲಿದೆ.

ಇನ್ನೊಂದು ಪದ ಕನ್ನಡ ಸತ್ಯವೇದದಲ್ಲಿ ಆದಿಸಭೆಯ ಬೋಧಕ ಪೌಲನ ಪತ್ರಗಳಲ್ಲಿ ಬರುವ ‘ಶರೀರಭಾವ’. ಮಕ್ಕಳು ಇದನ್ನು ಓದಿ ದೇಹವೇ ಪಾಪ ಎಂದುಕೊಳ್ಳುತ್ತಾರೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹಾಗೆ ಅಂದುಕೊಳ್ಳುವುದು ಅಪಾಯ. ಗಲಾತ್ಯದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಸಿ, ಮೈಗೆ ಸಂಬಂಧಿಸಿದವು ಎಷ್ಟು, ಮನಸ್ಸಿಗೆ ಸಂಬಂಧಿಸಿದವು ಎಷ್ಟು ಎಂದು ಎಣಿಸಲು ಹೇಳಿ. ಹಗೆ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಒಡಕು: ಹೆಚ್ಚಿನವು ಮೈಯ ತಂಟೆಗೇ ಹೋಗುವುದಿಲ್ಲ. (ಸಭೆಯಲ್ಲಿ ಸಮಿತಿ ಚುನಾವಣೆ ಇರುವ ವರ್ಷ ಈ ಪಟ್ಟಿಗೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.) ತನ್ನೊಳಗೇ ಮುದುಡಿಕೊಂಡ ಮನುಷ್ಯ ಎಂದು ಪ್ರಾಟೆಸ್ಟಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರರು ಪಾಪಿಯನ್ನು ಬಣ್ಣಿಸಿದ್ದರು. ಶರೀರಭಾವಕ್ಕೆ ನನಗೆ ತೋರುವ ಒಳ್ಳೆಯ ಅರ್ಥ ಅದೇ.

ಎರಡನೆಯ ಭಾನುವಾರ ಮೂರನೆಯ ಅಧ್ಯಾಯ. ಉಪನ್ಯಾಸ ಬೇಡ, ಆಡಿಸಿ. ದೇವರು, ಆದಾಮ, ಹವ್ವ, ಸರ್ಪ, ನಿರೂಪಕ, ಐದು ಮಕ್ಕಳು ಸಾಕು. ಆಡಿಸುವ ಮೊದಲು ಎರಡು ವಿಷಯ ತಿದ್ದಿ. ಅಲ್ಲಿ ಸೇಬು ಇಲ್ಲ. ಹಣ್ಣಿನ ಹೆಸರನ್ನೇ ಹೇಳಿಲ್ಲ, ಹೆಸರಿರುವುದು ಆಮೇಲೆ ಹೊಲಿದುಕೊಂಡ ಅಂಜೂರದ ಎಲೆಗೆ. ಎರಡನೆಯದು, ಗಂಡುಮಕ್ಕಳು ಎಲ್ಲವನ್ನೂ ಹವ್ವಳ ತಲೆಗೆ ಕಟ್ಟಲು ನೋಡುತ್ತಾರೆ. ಹವ್ವ ಹಣ್ಣು ಕೊಟ್ಟದ್ದು ಪಕ್ಕದಲ್ಲೇ ನಿಂತಿದ್ದ ಗಂಡನಿಗೆ ಎಂದು ಆರನೆಯ ವಚನದಲ್ಲಿದೆ. ಅದನ್ನು ಓದಿಸಿ.

“ಎಲ್ಲಿದ್ದೀ?” ಎಂದು ದೇವರು ಕೇಳುವಲ್ಲಿಂದ ನಿಧಾನ ಮಾಡಿ. ಆದಾಮನ ಉತ್ತರ ನೋಡಿ: ನೀನು ನನ್ನ ಜೊತೆಗಿಟ್ಟ ಸ್ತ್ರೀ ಕೊಟ್ಟಳು, ತಿಂದೆ. ಒಂದೇ ವಾಕ್ಯದಲ್ಲಿ ಹೆಂಡತಿಯ ಮೇಲೂ ದೇವರ ಮೇಲೂ ತಪ್ಪು ಹೊರಿಸಿದ. ಹವ್ವ ಸರ್ಪದತ್ತ ಕೈ ತೋರಿಸಿದಳು. ಪ್ರತಿ ವರ್ಷ ಇಲ್ಲಿ ಮಕ್ಕಳು ನಗುತ್ತಾರೆ, ತಮ್ಮ ಮನೆಯ ಗೋಡೆಗೆ ಬಡಿದ ಕ್ರಿಕೆಟ್ ಚೆಂಡಿನ ವಿಚಾರಣೆ ನೆನಪಾಗಿರಬೇಕು. ನಗಲು ಬಿಡಿ. ಆಮೇಲೆ ರೋಮಾಪುರದವರಿಗೆ ಬರೆದ ಪತ್ರದ 7:19 ಓದಿ: ಮೆಚ್ಚುವ ಒಳ್ಳೆಯದನ್ನು ಮಾಡುವುದಿಲ್ಲ, ಮೆಚ್ಚದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಪೌಲ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಒಂದೊಂದು ಚೀಟಿ ಕೊಟ್ಟು, ಈ ವಾರ ಹಾಗಾದದ್ದು ಒಂದನ್ನು ಬರೆಯಲು ಹೇಳಿ. ಚೀಟಿಯನ್ನು ಸಂಗ್ರಹಿಸಲೇಬೇಡಿ. ಅವರ ಜೇಬಿನಲ್ಲಿರಲಿ, ಹರಿದು ಹಾಕಲಿ. ಸಂಗ್ರಹಿಸಿದ ದಿನ ನೀವು ಶಿಕ್ಷಕಿಯಲ್ಲ, ಪೊಲೀಸು.

ಮೊದಲು ನಿಮ್ಮದನ್ನು ಹೇಳಿ. ನನ್ನದು ಹೀಗಿತ್ತು: ಮೀನು ಮಾರುವ ಹೆಂಗಸು ಒಮ್ಮೆ ಐವತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟಿದ್ದಳು. ಅವಳು ಗೇಟು ದಾಟುವ ಮೊದಲೇ ನನಗೆ ಗೊತ್ತಾಯಿತು. ಕೂಗಲಿಲ್ಲ. ಬಿಸಿಲು, ಮೊಣಕಾಲು ನೋವು, ನಾಳೆ ಕೊಟ್ಟರಾಯಿತು ಎಂದು ನೂರು ನೆಪ. ಮರುದಿನ ಕೊಟ್ಟಾಗ ಅವಳು “ನೀವು ಕೊಡುತ್ತೀರಿ ಎಂದು ಗೊತ್ತಿತ್ತು ಅಮ್ಮಾ” ಎಂದಳು. ಆ ಮಾತು ಇಂದಿಗೂ ಚುಚ್ಚುತ್ತದೆ. ಶಿಕ್ಷಕಿ ತನ್ನದನ್ನು ಹೇಳದೆ ಮಕ್ಕಳದನ್ನು ಕೆದಕಬಾರದು.

ಅಧ್ಯಾಯ ಮುಗಿಸುವಾಗ 21ನೆಯ ವಚನವನ್ನು ಬಿಟ್ಟುಬಿಡುವವರು ಬಹಳ. ತೋಟದಿಂದ ಹೊರಗೆ ಹಾಕುವ ಮೊದಲು ದೇವರು ಅವರಿಬ್ಬರಿಗೆ ಚರ್ಮದ ಅಂಗಿ ಮಾಡಿ ತೊಡಿಸಿದನು. ಇಲ್ಲಿ ವಿವರಣೆ ಕೊಡಬೇಡಿ, ಓದಿ ಸುಮ್ಮನಿರಿ.

ಈ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: “ಅವರು ತಿಂದರೆ ನಮಗೇಕೆ?” ಇದನ್ನು ಮೂರನೆಯ ಭಾನುವಾರಕ್ಕೆ ಇಟ್ಟುಕೊಳ್ಳಿ, ಇದು ಸಭೆಯೇ ನೂರಾರು ವರ್ಷ ಜಗಳವಾಡಿದ ಪ್ರಶ್ನೆ. ನಾನು ಕಥೆಯಾಗಿ ಹೇಳುತ್ತೇನೆ. ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ, ಇಂದಿನ ಅಲ್ಜೀರಿಯಾದಲ್ಲಿ, ಹದಿನಾರರ ಹುಡುಗನೊಬ್ಬ ಗೆಳೆಯರೊಡನೆ ರಾತ್ರಿ ಹೋಗಿ ಪಕ್ಕದವರ ಪಿಯರ್ ಮರವನ್ನು ಬೋಳಿಸಿದ. ಹಸಿವಿರಲಿಲ್ಲ, ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣಿತ್ತು. ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಕದಿಯುವುದೇ ಖುಷಿಯಾಗಿತ್ತು. ಆ ಹುಡುಗ ಮುಂದೆ ಹಿಪ್ಪೋ ಪಟ್ಟಣದ ಬಿಷಪ್ ಆಗಸ್ಟಿನ್ ಆದರು, ಈ ಕಳ್ಳತನವನ್ನು ತಾವೇ ಬರೆದಿಟ್ಟರು. ಇಚ್ಛೆಯೇ ಬಾಗಿದೆ, ಕೃಪೆಯಿಲ್ಲದೆ ನೆಟ್ಟಗಾಗದು ಎಂದು ಅವರ ವಾದ. ಪೆಲಾಜಿಯಸ್ ಎಂಬ ಸನ್ಯಾಸಿ ಒಪ್ಪಲಿಲ್ಲ: ದೇವರು ಆಜ್ಞೆ ಕೊಟ್ಟ ಮೇಲೆ ಪಾಲಿಸುವ ಶಕ್ತಿಯೂ ಇರಲೇಬೇಕು, ಆದಾಮನದು ಬರೀ ಕೆಟ್ಟ ಮಾದರಿ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರು ಪೆಲಾಜಿಯಸರ ಬೋಧನೆಯನ್ನು ತಳ್ಳಿಹಾಕಿದರು.

ತೀರ್ಪನ್ನು ಕೊನೆಯಲ್ಲಿ ಹೇಳಿ. ಮೊದಲು ಮಕ್ಕಳು ಪಕ್ಷ ಹಿಡಿಯಲಿ. ನನ್ನ ತರಗತಿಯಲ್ಲಿ ಬಹುಪಾಲು ಮಕ್ಕಳು ಪೆಲಾಜಿಯಸರ ಕಡೆಗೆ ಹೋಗುತ್ತಾರೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುವವರು ಮೊದಲು. ಪ್ರಯತ್ನಪಟ್ಟರೆ ಆಗುತ್ತದೆ ಎಂದು ಅವರಿಗೆ ಎಲ್ಲರೂ ಹೇಳಿಕೊಟ್ಟಿದ್ದೇವಲ್ಲ. ಆಗ ಹಿಂದಿನ ವಾರದ ಚೀಟಿಯನ್ನು ನೆನಪಿಸಿ, ಅಷ್ಟೇ.

ಕ್ರೈಸ್ತರೆಲ್ಲರೂ ಇದನ್ನು ಒಂದೇ ರೀತಿ ಹೇಳುವುದಿಲ್ಲ ಎಂಬುದನ್ನೂ ಮುಚ್ಚಿಡಬೇಡಿ. ಆರ್ಥೊಡಾಕ್ಸ್ ಸಭೆಗಳವರು ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ಪಾಪದತ್ತ ಒಲವು, ಅವನ ಅಪರಾಧವಲ್ಲ ಎನ್ನುತ್ತಾರೆ. ಕಥೋಲಿಕರು ಸ್ವಭಾವಕ್ಕೆ ಗಾಯವಾಗಿದೆ, ಆದರೆ ಅದು ಪೂರ್ತಿ ಕೆಟ್ಟಿಲ್ಲ ಎನ್ನುತ್ತಾರೆ. ಇನ್ನೊಬ್ಬ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನರ ಪರಂಪರೆಯವರು ಪೂರ್ಣ ಕೆಡುಕು ಎನ್ನುವಾಗ ಮನುಷ್ಯನ ಯಾವ ಭಾಗವೂ ಪಾಪದಿಂದ ತಪ್ಪಿಸಿಕೊಂಡಿಲ್ಲ ಎಂದು ಅರ್ಥ, ಸಾಧ್ಯವಿದ್ದಷ್ಟೂ ಕೆಟ್ಟವನು ಎಂದಲ್ಲ. ನನ್ನ ಒಲವು ಎಲ್ಲಿ ಎಂದು ಕೇಳಿದರೆ, ಹಸುಗೂಸನ್ನು ಎತ್ತಿಕೊಂಡಾಗ ನಾನು ಆರ್ಥೊಡಾಕ್ಸ್, ದಿನಪತ್ರಿಕೆ ಓದುವಾಗ ಕ್ಯಾಲ್ವಿನರ ಕಡೆ.

ಅಂಗವೈಕಲ್ಯ ಇರುವ ಮಗು ತರಗತಿಯಲ್ಲಿದ್ದರೆ, ಅಥವಾ ಯಾರದೋ ತಮ್ಮ ಹಾಗಿದ್ದರೆ, ಯೋಹಾನ ಒಂಬತ್ತನೆಯ ಅಧ್ಯಾಯವನ್ನು ತಪ್ಪದೆ ಓದಿಸಿ. ಹುಟ್ಟುಕುರುಡನನ್ನು ನೋಡಿ ಯಾರು ಪಾಪ ಮಾಡಿದ್ದು, ಇವನೋ ತಂದೆತಾಯಿಯೋ ಎಂದು ಶಿಷ್ಯರು ಕೇಳಿದರು. ಇವನೂ ಅಲ್ಲ, ಅವರೂ ಅಲ್ಲ ಎಂದನು ಯೇಸು. ಪಾಪದ ಪಾಠ ಮಾಡಿ ಈ ಅಧ್ಯಾಯ ಬಿಟ್ಟರೆ ಮಗು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ತಪ್ಪು ಲೆಕ್ಕ.

ಕೊನೆಗೆ ಮತ್ತೆ ಹಂಚು. ಮನುಷ್ಯ ಪಾಪದಲ್ಲಿ ಬಿದ್ದ ಮೇಲೆ ಮುದ್ರೆ ಅಳಿಯಿತೇ? ಜಲಪ್ರಳಯದ ನಂತರವೂ ಆದಿಕಾಂಡ 9:6 ಮನುಷ್ಯನನ್ನು ದೇವಸ್ವರೂಪ ಎಂದೇ ಕರೆಯುತ್ತದೆ. ಯಾಕೋಬನ ಪತ್ರ 3:9 ಅದೇ ಕಾರಣಕ್ಕೆ ಜನರನ್ನು ಶಪಿಸಬೇಡಿ ಎನ್ನುತ್ತದೆ. ಇಬ್ರಿಯರಿಗೆ ಬರೆದ ಪತ್ರದ 1:3ರಲ್ಲಿ ಕ್ರಿಸ್ತನನ್ನು ಕುರಿತು ಬಳಸಿದ ಗ್ರೀಕ್ ಪದಕ್ಕೆ ಒತ್ತಿದ ಮುದ್ರೆ ಎಂಬ ಅರ್ಥವಿದೆ. ಅಚ್ಚು ಒಡೆದಿಲ್ಲ ಎಂಬುದು ನಮ್ಮ ಸುವಾರ್ತೆ ಎಂದು ನಾನು ಹೇಳುತ್ತೇನೆ. ಒಮ್ಮೆ ಹುಡುಗಿಯೊಬ್ಬಳು ತಡೆದಳು: “ಹಂಚು ತಾನಾಗಿ ಒಡೆದುಕೊಳ್ಳಲಿಲ್ಲವಲ್ಲ ಟೀಚರ್? ಮನುಷ್ಯ ತಾನೇ ಒಡೆದುಕೊಂಡ.” ಉಪಮೆ ಅಲ್ಲಿಗೆ ನಿಂತಿತು. “ಸರಿಯಾಗಿ ಹೇಳಿದೆ” ಎಂದೆ. ನಿಮ್ಮ ಉಪಮೆಯನ್ನು ಮಕ್ಕಳು ಮುರಿದರೆ ಹಟ ಹಿಡಿಯಬೇಡಿ.

ಹಂಚಿನ ಬಗ್ಗೆ ಒಂದು ಮಾತು. ಒಡೆದ ಅಂಚು ಚೂಪಾಗಿರುತ್ತದೆ, ಮಕ್ಕಳ ಕೈಗೆ ಕೊಡುವ ಮೊದಲು ಒಗೆಯುವ ಕಲ್ಲಿಗೆ ಚೆನ್ನಾಗಿ ಉಜ್ಜಿ. ಪಾಚಿಯನ್ನು ತೆಂಗಿನ ನಾರಿನಲ್ಲಿ ತಿಕ್ಕಿದರೆ ಅಕ್ಷರ ಏಳುತ್ತದೆ. ಹಳೆಯ ಮನೆ ಕೆಡಹುವ ಕಡೆ ಕೇಳಿದರೆ ಒಡೆದ ಹಂಚನ್ನು ಪುಕ್ಕಟೆ ಕೊಡುತ್ತಾರೆ. ಇಡಿಯ ಹಂಚಿಗಾದರೆ ದುಡ್ಡು ಕೇಳುತ್ತಾರೆ.